ಎಡಗಡೆಯ ಸೀಟು

"ನಾ ಬೆಲ್ಟ್ ಹಾಕ್ಕೊಂಡೀನಿ, ಮತ್ಯಾಕ ಒದರಾಕತ್ತೈತಿ ಇದು?" ಎಂದು ಖಾಲಿ ಕಾರಿನಲ್ಲಿ ಗಟ್ಟಿಯಾಗಿಯೇ ಕೇಳಿದೆ. ದಂಡು ಪ್ರದೇಶವಾದ ಕ್ಯಾಂಪಿನ ಹಳೆಯ ಬಂಗಲೆಗಳ ಫೋಟೋ ತೆಗೆದು ಆಗಷ್ಟೇ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಯಾರಾದರೂ ಬೆಲ್ಟ್ ಹಾಕದೆ ಕೂತಾಗ ಕೂಗುವ ಸದ್ದು ಅದು. ಅಲ್ಲಿ ಕ್ಯಾಮೆರಾ ಕೂಡ ಇರಲಿಲ್ಲ, ನನ್ನ ಕೊರಳಲ್ಲಿತ್ತು.

ಉದ್ಯಮಬಾಗದ ಕಾರ್ಖಾನೆಗಳ ಮುಂದೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ನನ್ನ ಎಡಗೈಯಷ್ಟೇ ತಣ್ಣಗಾಯಿತು. ಹಸಿ ವಿಭೂತಿಯ ವಾಸನೆ ಬಂತು. ಯಜಮಾನರು ತೀರಿಕೊಂಡು ಆರು ತಿಂಗಳಾಗಿದೆ. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಅವರ ಹಣೆಗೆ ಕೊನೆಯ ವಿಭೂತಿ ಹಚ್ಚಿದವಳು ನಾನೇ. ಬದುಕಿದ್ದಷ್ಟು ದಿನ ಅವರು ನನ್ನೊಬ್ಬಳನ್ನೇ ಓಣಿ ದಾಟಲು ಬಿಟ್ಟವರಲ್ಲ.

ಚಿಕ್ಕಂದಿನಿಂದ ಕೇಳಿ ಬೆಳೆದ ವಚನವೊಂದನ್ನು ಹೇಳಿಕೊಳ್ಳುತ್ತ ಖಾನಾಪುರ ಮುಟ್ಟಿದೆ. ಕಾರು ನಿಲ್ಲಿಸಿ ಚಹದಂಗಡಿಯಲ್ಲಿ ಕೂತೆ. ಅಂಗಡಿಯಾಕೆ ಎರಡು ಕಪ್ ತಂದಿಟ್ಟಳು.

"ನಾ ಒಬ್ಬಾಕಿನ ಬಂದೀನಿ," ಎಂದೆ.

"ಚ್ಯಾಷ್ಟಿ ಮಾಡಬ್ಯಾಡ್ರಿ ಅಕ್ಕಾರ. ಜಗಳಾಡೀರೇನು? ಗಾಡ್ಯಾಗ ಕುಂತ ಅಣ್ಣಾರು, ಇಲ್ಲಿಂದ ಮನಿಗೆ ತಿರುಗಸಾಕ ಹೇಳು ಅಂದ್ರು."

ಕಾರಿನ ಎಡಗಡೆಯ ಗಾಜು ಇಳಿದಿತ್ತು. ನಾನು ಏರಿಸಿಯೇ ಬಂದಿದ್ದೆ.

ಎರಡೂ ಕಪ್ ಚಹ ನಾನೇ ಕುಡಿದೆ.

"ತಿರುಗಸಂಗಿಲ್ಲ ಅಂತ ಹೇಳವ್ವಾ," ಎಂದೆ. "ನಾ ಇನ್ನೂ ಮುಂದ, ಲೋಂಡಾಕ್ಕ ಹೊಂಟೀನಿ."