ಕುಂಬಾರಿಕೆ ಸಂಘದ ಕಾಣೆಯಾದ ಸದಸ್ಯರು

ಒಂದೇ ಸೋಮವಾರ ಬೆಳಗ್ಗೆ ಕುಂಬಾರಿಕೆ ಸಂಘದ ವೆಬ್‌ಸೈಟಿನಿಂದ ಇಪ್ಪತ್ಮೂರು ಸದಸ್ಯರು ಮಾಯವಾದರು. ಎಲ್ಲರೂ ಅರವತ್ತು ದಾಟಿದವರು, ದಾಖಲೆಯಲ್ಲಿ ಎಲ್ಲರ ಹೆಸರಿನ ಮುಂದೂ ಒಂದೇ ಷರಾ: ಸದಸ್ಯತ್ವ ರದ್ದು. "ನಾವ್ಯಾರೂ ರದ್ದು ಮಾಡಿಲ್ಲ, ಗಡಿಗೆ ಸುಡೋ ಆವಿಗೆಗೆ ಮೊಬೈಲಲ್ಲಿ ಸರದಿ ಹಿಡಿದ್ವಿ ಅಷ್ಟೇ" ಎಂದು ಅವರು ಕಚೇರಿಯ ಬಾಗಿಲಲ್ಲಿ ನಿಂತು ಗುಮಾಸ್ತನ ಪ್ರಾಣ ಹಿಂಡಿದರು.

ಗುಮಾಸ್ತನ ಪ್ರಾಣ ಆಗಲೇ ಬಾಯಿಗೆ ಬಂದಿತ್ತು. ವೆಬ್‌ಸೈಟ್ ಕಟ್ಟಿದವಳು ಅವನ ಅಕ್ಕನ ಮಗಳು. "ನಿನ್ನೆ ನನ್ನ ಜೊತೆ ಜಗಳ ಆಡಿದಳು, ಇವತ್ತು ಸೇಡು ತೀರಿಸಿಕೊಂಡಳು" ಎಂದು ಅಧ್ಯಕ್ಷರು ಅವಳನ್ನು ತೆಗೆದುಹಾಕಲು ನಾಲ್ಕು ಗಂಟೆಗೆ ಸಭೆ ಕರೆದಿದ್ದರು. ಇಂಥ ಕಳಂಕ ಹೊತ್ತವಳಿಗೆ ಮುಂದೆ ಯಾರು ಕೆಲಸ ಕೊಟ್ಟಾರು?

"ನಾನು ಮಾಡಿಲ್ಲ ಮಾವ. ಯಾರು ಮಾಡಿದ್ರು ಅಂತ ಗೊತ್ತಾಗೋವರೆಗೂ ಇಲ್ಲಿಂದ ಕದಲಲ್ಲ" ಎಂದಳು ಹುಡುಗಿ.

ಗುಮಾಸ್ತ ಅವಳನ್ನು ನೇರವಾಗಿ ಮಣ್ಣಿನ ಉಗ್ರಾಣಕ್ಕೆ ಕರೆದೊಯ್ದ. ಅಲ್ಲಿಯ ದೊಡ್ಡಮ್ಮ ಮೂವತ್ತು ವರ್ಷದಿಂದ ಮಣ್ಣು ತೂಗುತ್ತಲೇ ಸಂಘದ ಕಳ್ಳತನ, ಕಿತಾಪತಿಗಳ ಜಾಡು ಹಿಡಿದವರು. ಯಾವ ಪ್ರಕರಣದಲ್ಲೂ ಅವರ ಹಿಂದೆ ಪುಸ್ತಕ ಹಿಡಿದು ಓಡಾಡುವುದು ಗುಮಾಸ್ತನೇ.

ದೊಡ್ಡಮ್ಮ ಮೊದಲು ನೋಡಿದ್ದು ಕಂಪ್ಯೂಟರನ್ನಲ್ಲ, ಒಣಗುವ ಕಪಾಟನ್ನು. ಕಾಣೆಯಾದವರ ಹಸಿ ಗಡಿಗೆಗಳು ಸಾಲಾಗಿ ಕೂತಿದ್ದವು. "ಸಂಘ ಬಿಡೋರು ಇವನ್ನ ಸುಡದೆ ಬಿಟ್ಟು ಹೋಗ್ತಾರೇನೋ? ರದ್ದು ಯಾವಾಗ ಆಗಿದೆ?"

"ಒಂಬತ್ತಕ್ಕೆ, ಸರದಿ ಶುರುವಾಗೋ ಹೊತ್ತಿಗೇ. ಅವರವರ ಗುಪ್ತಪದದಿಂದಲೇ ಆಗಿದೆ ದೊಡ್ಡಮ್ಮ" ಎಂದ ಗುಮಾಸ್ತ.

"ಜಗಳ ಯಾವುದಕ್ಕಮ್ಮ?"

"ಮೆನುವಿನ ನೆತ್ತಿ ಮೇಲೆ 'ಅಧ್ಯಕ್ಷರ ನುಡಿ' ಅಂತ ಹೊಸ ಸಾಲು ಬೇಕಂದ್ರು" ಎಂದಳು ಹುಡುಗಿ. "ಬೇಡ ಅಂದೆ. ಪಟ್ಟು ಬಿಡಲಿಲ್ಲ, ನಿನ್ನೆ ಸಂಜೆ ಹಾಕ್ದೆ."

"ಈ ಹಿರಿಯರಿಗೆ ಮೊಬೈಲ್ ಬಳಸೋದು ಹೇಳಿಕೊಟ್ಟೋರು ಯಾರು?"

"ನಾನೇ" ಎಂದ ಗುಮಾಸ್ತ ಹೆಮ್ಮೆಯಿಂದ. "ಅಕ್ಷರ ಕಾಣಲ್ಲ ಅಂತಿದ್ರು, ಅದಕ್ಕೆ ಒಬ್ಬೊಬ್ಬರಿಗೂ ಚೀಟಿ ಬರೆದುಕೊಟ್ಟಿದೀನಿ."

ದೊಡ್ಡಮ್ಮ ಅಂಥದೊಂದು ಚೀಟಿ ತರಿಸಿ ಓದಿದರು. ಗುಮಾಸ್ತನ ಮುಖವನ್ನೊಮ್ಮೆ ನೋಡಿ, ಅದನ್ನು ಸೆರಗಿಗೆ ಕಟ್ಟಿಕೊಂಡರು.

ನಾಲ್ಕಕ್ಕೆ ಸಭೆ ಸೇರಿತು. "ಅಧ್ಯಕ್ಷರೇ, ಕನ್ನಡಕ ತೆಗೆದು, ನಿಮ್ಮ ಮೊಬೈಲಲ್ಲಿ ಒಂದು ಸರದಿ ಹಿಡೀರಿ ನೋಡೋಣ" ಎಂದರು ದೊಡ್ಡಮ್ಮ. "ಚೀಟಿ ನಾನು ಓದ್ತೀನಿ. ಮೇಲಿಂದ ನಾಲ್ಕನೇ ಸಾಲು ಒತ್ತಿ. ಆಮೇಲೆ ಹಸಿರು ಗುಂಡಿ."

"ಇದೇನು ಮಹಾ!" ಎನ್ನುತ್ತ ಅಧ್ಯಕ್ಷರು ಎರಡು ಸಲ ಬೆರಳಾಡಿಸಿದರು. ಕನ್ನಡಕ ಏರಿಸಿ ನೋಡಿದವರ ಮುಖ ಇಂಗು ತಿಂದ ಮಂಗನಂತಾಯಿತು. "ನನ್ನ... ಸದಸ್ಯತ್ವ ರದ್ದಾಗಿದೆ!"

"ಹಿಂಗೇ ಇಪ್ಪತ್ಮೂರು ಜನರದ್ದೂ ಆಯ್ತು" ಎಂದರು ದೊಡ್ಡಮ್ಮ. "ಮೊದಲು ಮೂರನೇ ಸಾಲು ರದ್ದು, ನಾಲ್ಕನೇದು ಸರದಿ. ನಿಮ್ಮ ನುಡಿ ನೆತ್ತಿ ಮೇಲೆ ಕೂತಿತು, ಎಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದ್ವು. ನಾಲ್ಕನೇ ಜಾಗಕ್ಕೆ ರದ್ದು ಬಂತು. ಓದಬಲ್ಲೋರು ಓದಿ ಒತ್ತಿದ್ರು, ಇವರು ಎಣಿಸಿ ಒತ್ತಿದ್ರು. ಎರಡು ಪುಟದಲ್ಲೂ ಗುಂಡಿ ಹಸಿರೇ, ಅನುಮಾನ ಬರೋದಾದ್ರೂ ಹೇಗೆ?"

ಗುಮಾಸ್ತನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಉಪಕಾರವೇ ಅಕ್ಕನ ಮಗಳ ಕುತ್ತಿಗೆಗೆ ಬಂದಿತ್ತು. ಆದರೂ ಎದ್ದು ನಿಂತ. "ಚೀಟಿ ನಂದು. ಸಾಲಿನ ಹೆಸರು ಬರೆಯೋ ಬದಲು ಎಣಿಕೆ ಬರೆದೆ. ತಪ್ಪಾಯ್ತು."

"ನಂದೂ ತಪ್ಪಿದೆ" ಎಂದಳು ಹುಡುಗಿ. "ದಿನಾ ಬೇಕಾದ ಸರದಿ ಪಕ್ಕ ರದ್ದು ಇಡಬಾರದಿತ್ತು. ಇನ್ಮೇಲೆ ಸರದಿ ಮೊದಲನೇ ಸಾಲು, ದಪ್ಪ ಅಕ್ಷರದಲ್ಲಿ. ರದ್ದು ಬೇರೆ ಪುಟಕ್ಕೆ, ಕೆಂಪು ಗುಂಡಿ. ಇವರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು, ಚೀಟಿಯಿಲ್ಲದೆ ಒತ್ತೋವರೆಗೂ ಪುಟ ತಿದ್ದುತೀನಿ."

"ಅದನ್ನ ಸಭೆ ತೀರ್ಮಾನಿಸಬೇಕು!" ಎಂದು ಅಧ್ಯಕ್ಷರು ಮೇಜು ಗುದ್ದಿದರು. "ಇವಳನ್ನ ತೆಗೀಬೇಕು ಅನ್ನೋರು ಕೈ ಎತ್ತಿ!"

ಎತ್ತಿದ್ದು ಅವರೊಬ್ಬರೇ.

"ಆ ಕೈ ಇಳಿಸಿ" ಎಂದರು ದೊಡ್ಡಮ್ಮ. "ಸದಸ್ಯರಲ್ಲದವರಿಗೆ ಇಲ್ಲಿ ಮತ ಇಲ್ಲ."

ಸಭೆ ಬಿದ್ದುಬಿದ್ದು ನಕ್ಕಿತು. ಹುಡುಗಿ ಮಾತ್ರ ನಗದೆ ಕಂಪ್ಯೂಟರ್ ಮುಂದೆ ಕೂತು, ಹೆಸರುಗಳನ್ನು ಒಂದೊಂದಾಗಿ ಮರಳಿ ಸೇರಿಸತೊಡಗಿದಳು. ಅಧ್ಯಕ್ಷರು ಮೆಲ್ಲನೆ ಅವಳ ಬೆನ್ನ ಹಿಂದೆ ಬಂದು ನಿಂತರು.

"ನಂದೂ ಸ್ವಲ್ಪ ನೋಡಮ್ಮ..."

"ಸರದಿಯಲ್ಲಿ ನಿಂತಿರಿ ಸಾರ್" ಎಂದಳು ತಿರುಗಿ ನೋಡದೆ. "ನಿಮ್ಮದು ಇಪ್ಪತ್ನಾಲ್ಕನೇದು."