ಮೂರನೆಯ ಜೊತೆ

೧೯೪೮ರ ಪೊಲೀಸ್ ಕಾರ್ಯಾಚರಣೆಯ ಮರು ಬೇಸಿಗೆಯಲ್ಲಿ ಬಂಡಮ್ಮ ಅತ್ತಿಗೆಗೆ ಕಲಬುರ್ಗಿಯಲ್ಲಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್ ತೋರಿಸಲು ಹೋಗಿದ್ದೆ. ಗಲಾಟೆಯಲ್ಲಿ ಕಾಣೆಯಾದ ಅಣ್ಣ ಇನ್ನು ಬರುವುದಿಲ್ಲವೆಂದು, ಮರುದಿನ ಅತ್ತಿಗೆಯ ಬಳೆ ಒಡೆಸಲು ನಮ್ಮೂರು ಮಹಾಗಾಂವದ ಹಿರಿಯರು ನಿಶ್ಚಯಿಸಿದ್ದರು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಸುಡು ಮಧ್ಯಾಹ್ನದಲ್ಲೂ ಗೋರಿಯ ಸುತ್ತಲಿನ ಕಲ್ಲು ಅಂಗಾಲು ಕೊರೆಯುವಷ್ಟು ತಣ್ಣಗಿತ್ತು. ನಾವು ನಿಂತ ಮೇಲೂ ಬರಿಗಾಲಿನ ಸಪ್ಪಳವೊಂದು ನಡೆಯುತ್ತಲೇ ಇತ್ತು.

ಹೊರಬಂದರೆ ನಮ್ಮ ಎರಡು ಜೊತೆಯ ಪಕ್ಕದಲ್ಲಿ ಮೂರನೆಯದೊಂದು ಜೊತೆ ಇತ್ತು.

"ಒಳಗ ಯಾರೂ ಇರಲಿಲ್ಲಲ್ರೀ, ವೈನಿ," ಎಂದೆ.

ಅತ್ತಿಗೆ ಅದರ ಬಾರು ಮುಟ್ಟಿದರು. "ನಿಮ್ಮಣ್ಣನ ಚಪ್ಪಲಿಗಿ ಈ ಹಸಿರು ದಾರದ ಹೊಲಿಗಿ ನಾನೇ ಹಾಕಿದ್ದೆ. ನೆರಳಾಗ ಇದ್ರೂ ಬೆಚ್ಚಗ ಅದಾವ, ನೋಡು."

ಅವರು ಬಳೆ ಒಡೆಸಿಕೊಳ್ಳಲಿಲ್ಲ. ಟ್ರಂಕಿನಲ್ಲಿ ಬೀಗ ಹಾಕಿಟ್ಟ ಆ ಚಪ್ಪಲಿಯನ್ನು ಯಾರೂ ಮೆಟ್ಟಿಲ್ಲ. ಅದರ ಹಿಮ್ಮಡಿ ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ.