ಇಪ್ಪತ್ತೈದು ಮೀಟರ್ ಬ್ರೇಕ್ ಗುರುತು

"ಎಪ್ಪತ್ತೆರಡು! ತಾಸಿಗೆ ಎಪ್ಪತ್ತೆರಡು ಕಿಲೋಮೀಟರ್ ಓಡಿಸೀರಿ... ಸುಳ್ಳ ಯಾಕ ಹೇಳ್ತೀರಿ?"

ಸೂಡಿ ರಸ್ತೆಯಲ್ಲಿ ಅಳತೆಪಟ್ಟಿ ಹಿಡಿದು ನಿಂತಿದ್ದ ನಿಲೋಫರ್ ಕೂಗಿದಳು. ಎದುರಿಗಿದ್ದವನು ಶಾಹೀದ. ಬರುವ ತಿಂಗಳು ಅವಳ ನಿಕಾ ಆಗಬೇಕಿದ್ದದ್ದು ಅವನೊಂದಿಗೇ! ಮೂರು ದಿನದ ಹಿಂದೆ ಇದೇ ಜಾಗದಲ್ಲಿ ಅವನ ಗೂಡ್ಸ್ ಗಾಡಿ ಬಡಿದು ಅವಳ ಅಬ್ಬಾ ಮಲಿಕಸಾಬರ ಕಾಲು ಮುರಿದಿತ್ತು.

"ಸಾವಕಾಶ ಬರ್ತಿದ್ದೆರಿ. ಬ್ರೇಕ್ ಹಾಕಿದ್ನಿ, ಗಾಡಿ ಜಾರಿತು."

"ಇಂಥಾ ಒಣಾ ರಸ್ತಾದಾಗ?" ಅವನ ಉತ್ತರಕ್ಕೂ ಅವಳು ಕಾಯಲಿಲ್ಲ.

ಗಜೇಂದ್ರಗಡದ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳಿಗೆ ಲೆಕ್ಕ ಹೇಳಿಕೊಡಬೇಕೆ? ಬ್ರೇಕ್ ಗುರುತು ಇಪ್ಪತ್ತೈದು ಮೀಟರ್. ವೇಗ ಒಂದೇ ಸಮನೆ ಇಳಿದು ಸೊನ್ನೆಯಾಗಿದೆ. ಒಣ ರಸ್ತೆಗೆ ವೇಗೋತ್ಕರ್ಷ ಮೈನಸ್ ಎಂಟು. ಎರಡು, ಎಂಟು, ಇಪ್ಪತ್ತೈದು ಗುಣಿಸಿದರೆ ನಾನೂರು. ವರ್ಗಮೂಲ ಇಪ್ಪತ್ತು; ಸೆಕೆಂಡಿಗೆ ಇಪ್ಪತ್ತು ಮೀಟರ್, ಅಂದರೆ ತಾಸಿಗೆ ಎಪ್ಪತ್ತೆರಡು ಕಿಲೋಮೀಟರ್!

ಉಂಗುರ ಬಿಚ್ಚಿ ಅವನ ಕೈಗಿಟ್ಟಳು. ಅವನು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಗಾಡಿಯತ್ತ ತಿರುಗಿದ. ಅದೂ ಅವಳಿಗೆ ತಪ್ಪೊಪ್ಪಿಗೆಯಾಗಿಯೇ ಕಂಡಿತು. ದೊಡ್ಡ ಜಾಣೆ!

ಅಪಘಾತವಾದ ಎಂಟನೆಯ ದಿನ ಅಬ್ಬಾ ಮನೆಗೆ ಬಂದರು. ಲೆಕ್ಕ ಕೈಲಿದ್ದ ಅವಳು ಅಲ್ಲಿಯ ತನಕ ಅವರನ್ನು ಏನೂ ಕೇಳಿರಲೇ ಇಲ್ಲ. ದವಾಖಾನೆಯ ಚೀಲದಿಂದ ಅವರ ಪೈಜಾಮ ತೊಳೆಯಲು ತೆಗೆದವಳು ಬೆಚ್ಚಿದಳು. ಮೊಣಕಾಲ ತನಕ ಎರೆಮಣ್ಣಿನ ಕೆಸರು ಒಣಗಿ ಹತ್ತಿಕೊಂಡಿತ್ತು.

"ಅಬ್ಬಾ, ಅವತ್ತ ಮಳಿ ಆಗಿತ್ತೇನು? ನಮ್ಮೂರಾಗ ಒಂದ ಹನಿ ಬಿದ್ದಿಲ್ಲ..."

"ಅಲ್ಲಿ ಬಿದ್ದಿತ್ತ ಬೇಟಿ. ಟ್ರ್ಯಾಕ್ಟರ್ ಗಾಲಿಗೆ ಹತ್ತಿದ್ದ ಎರಿಮಣ್ಣ ರಸ್ತಾ ತುಂಬ. ನಾನೇ ಜಾರಿ ಅವನ ಗಾಡಿ ಮುಂದ ಬಿದ್ನಿ. ಶಾಹೀದನೇ ನನ್ನ ಎತಗೊಂಡ ದವಾಖಾನಿಗೆ ಓಡಿದ."

ತಾನು ನೋಡಿದ್ದು ಮೂರು ದಿನದ ಬಿಸಿಲಿಗೆ ಒಣಗಿದ ರಸ್ತೆ! ಲೆಕ್ಕ ಮತ್ತೆ ಮಾಡಿದಳು. ಹಸಿ ಎರೆಮಣ್ಣಿನ ಮೇಲೆ ಎಂಟು ಎಲ್ಲಿಂದ ಬರಬೇಕು? ಹೆಚ್ಚೆಂದರೆ ಎರಡು. ಗುಣಿಸಿದರೆ ನೂರು, ವರ್ಗಮೂಲ ಹತ್ತು. ತಾಸಿಗೆ ಬರೀ ಮೂವತ್ತಾರು!

'ಯಾ ಅಲ್ಲಾ... ಎಂಥಾ ಮಾತಾಡಿಬಿಟ್ಟೆ!'

ಸಿಕ್ಕ ಬಸ್ಸು ಹತ್ತಿ ಶಾಹೀದನ ಊರು ಸೂಡಿಗೆ ಬಂದಾಗ ಅವನು ಗಾಡಿಗೆ ಉಳ್ಳಾಗಡ್ಡಿ ಚೀಲ ಹೇರುತ್ತಿದ್ದ. ನೋಟ್‌ಬುಕ್ ಮುಂದೆ ಹಿಡಿದಳು.

"ನಂದ ತಪ್ಪಾತ್ರಿ. ಲೆಕ್ಕ ಮತ್ತ ಮಾಡೀನಿ..."

ಅವನು ಅದರತ್ತ ನೋಡಲೂ ಇಲ್ಲ.

"ಈ ಲೆಕ್ಕ ಹಿಂಗ ಬರದಿದ್ರ? ನನ್ನ ಮಾತ ನಂಬತಿದ್ದಿಲ್ಲಲ್ಲ ನೀವು?"

ಎದೆಗೇ ನಾಟಿತು. ಮೆಲ್ಲಗೆ ನೋಟ್‌ಬುಕ್ ಮುಚ್ಚಿದಳು. ಕಣ್ಣೀರು ತಡೆಯಲಾಗಲಿಲ್ಲ.

"ಖರೇ ಐತ್ರಿ... ಜೀವಕ್ಕಿಂತ ಹೆಚ್ಚ ಪ್ರೀತಿ ಮಾಡಿದ್ನಿ, ಆದ್ರ ನಂಬಲಿಲ್ಲ."

ಅವನು ಹೆಗಲ ಮೇಲಿನ ಚೀಲ ಇಳಿಸಿದ. ಆಮೇಲೆ ಅಂಗಿಯ ಕಿಸೆಯಿಂದ ಉಂಗುರ ತೆಗೆದು ಅವಳ ಅಂಗೈಯಲ್ಲಿಟ್ಟ.

"ಗಾಡಿ ಹತ್ರಿ, ಮನಿಗೆ ಬಿಡ್ತೀನಿ. ಸಾವಕಾಶ ಓಡಸ್ತೀನಿ... ಬೇಕಾರ ಮೀಟರ್ ನೋಡ್ರಿ."

"ಬ್ಯಾಡ್ರಿ... ನೀವು ಹೇಳಿದ್ರಲ್ಲ, ಸಾಕು."